ಲೆವುಕಾ ಚಿಕ್ಕಮ್ಮನನ್ನು ಕೇಳಬೇಕಾದ ಮಾತು

ಮಾರ್ಚ್ 2, ಭಾನುವಾರ

ಇನೋಕೆಗೂ ಮಗು ಬೇಕಂತೆ, ಅದೂ ಎರಡು ವರ್ಷ ಬಿಟ್ಟಲ್ಲ, ಈಗಲೇ ಬೇಕಂತೆ! ಚರ್ಚಿನಿಂದ ನಡೆದು ಬರುವಾಗ ಕಾಲುವೆಯ ಸೇತುವೆ ಮೇಲೆ ನಿಂತು ಹೇಳಿದ. ಒಂದು ಕೈಯಲ್ಲಿ ಬೈಬಲ್ಲು, ಇನ್ನೊಂದು ಕೈಯಲ್ಲಿ ಬೇಯಿಸಿದ ಮರಗೆಣಸಿನ ಪಾತ್ರೆ. ಮದುವೆಗೆ ಮುಂಚೆ ಕಾಯೋಣ, ಕಾಯೋಣ ಎನ್ನುತ್ತಿದ್ದವನು ಇವನೇ. ನಾನು ನಡುದಾರಿಯಲ್ಲೇ ಅವನನ್ನು ತಬ್ಬಿಕೊಂಡೆ. ಪಾತ್ರೆಯ ಮುಚ್ಚಳ ಜಾರಿ ಕಾಲುವೆಗೆ ಬಿತ್ತು. ಅದು ಲೈಸಾನಿ ಅತ್ತಿಗೆಯ ಪಾತ್ರೆ. ಮುಚ್ಚಳ ತೇಲಿಕೊಂಡು ಹೋಗುವುದನ್ನು ನೋಡುತ್ತಾ ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.

ಮದುವೆಯಾಗಿ ಇನ್ನೂ ಎರಡು ತಿಂಗಳಾಗಿಲ್ಲ, ಆಸ್ಟ್ರೇಲಿಯಾದ ಈ ಲೀಟನ್ ಊರಿನಲ್ಲಿ ನನಗೆ ಇಷ್ಟವಾಗದ್ದು ಒಂದೂ ಸಿಕ್ಕಿಲ್ಲ. ಸುವಾದಲ್ಲಿ ಗೆಳತಿಯರು ಎಷ್ಟು ಹೆದರಿಸಿದ್ದರು. ಸಮುದ್ರವಿಲ್ಲದ ಊರು, ಕಣ್ಣು ಹಾಯಿಸಿದಲ್ಲೆಲ್ಲ ಕಿತ್ತಳೆ ಗಿಡ, ವಾರದೊಳಗೆ ಅತ್ತುಕೊಂಡು ಫಿಜಿಗೆ ವಾಪಸ್ ಬರುತ್ತೀಯ ಅಂದಿದ್ದರು. ನಾನು ಅತ್ತಿದ್ದು ಒಂದೇ ಸಲ. ನನಗೆ ಇಷ್ಟವೆಂದು ಇನೋಕೆ ಅಡುಗೆಮನೆಯ ಗೋಡೆಗೆಲ್ಲ ತಾನೇ ಹಳದಿ ಬಣ್ಣ ಹೊಡೆದಿದ್ದ. ಎಂಥ ಕೆಟ್ಟ ಹಳದಿ ಅದು, ಎಷ್ಟು ಮುದ್ದಾದ ಹಳದಿ.

ಯಾರಿಗೂ ಹೇಳಬೇಡ ಅಂದಿದ್ದ. ಊಟ ಬಡಿಸುವ ಹೊತ್ತಿಗೆ ಅತ್ತಿಗೆಗೆ ಹೇಳಿಯಾಗಿತ್ತು. ಲೈಸಾನಿ ಇನೋಕೆಯ ಅಕ್ಕ. ಹಿಂದಿನ ಬೀದಿಯಲ್ಲೇ ಮನೆ, ನಾಲ್ಕು ಮಕ್ಕಳು, ಕಿತ್ತಳೆ ಪ್ಯಾಕಿಂಗ್ ಶೆಡ್ಡಿನಲ್ಲಿ ನನ್ನ ಪಕ್ಕದಲ್ಲೇ ಕೆಲಸ. ಗಂಡನ ಅಕ್ಕನಿಗೆ ತಮ್ಮನ ಹೆಂಡತಿಯನ್ನು ಗೇಲಿ ಮಾಡುವ ಹಕ್ಕು ನಮ್ಮಲ್ಲಿ ಹುಟ್ಟಿನಿಂದಲೇ ಬರುತ್ತದೆ, ಅವಳು ಅದಕ್ಕೆ ಒಂದು ದಿನವೂ ರಜೆ ಹಾಕುವವಳಲ್ಲ. ಮೊದಲು ಮುಚ್ಚಳ ಎಲ್ಲಿ ಎಂದು ಕೇಳಿದಳು. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಮೂವತ್ಮೂರಕ್ಕೆ ಮದುವೆಯಾಗಿ ಈಗ ಅವಸರ ಮಾಡ್ತಿದೀಯಲ್ಲೇ. ನಿನ್ನ ವಯಸ್ಸಿಗೆ ನಾನು ತೊಟ್ಟಿಲು ಬಿಚ್ಚಿ ಸೌದೆ ಮಾಡಿದ್ದೆ."

"ನಿನ್ನಂಥ ಅತ್ತಿಗೆ ಸಿಗ್ತಾಳೆ ಅಂತ ಗೊತ್ತಿದ್ದೇ ತಡ ಮಾಡಿದ್ದು," ಅಂದೆ.

ಅವಳಿಗೆ ಖುಷಿಯಾಯಿತು, ನನ್ನ ತಟ್ಟೆಗೆ ಇನ್ನೊಂದು ಕೆಸುವಿನ ಗೆಡ್ಡೆ ಬಿತ್ತು. ಆಮೇಲೆ ಪಾದ್ರಿಯ ಹೆಂಡತಿಯ ಕಣ್ಣಿಗೆ ಬೀಳದ ಹಾಗೆ ನೀರಿನ ಟ್ಯಾಂಕಿನ ಹಿಂದೆ ನಿಂತು ಇಬ್ಬರೂ ಒಂದೊಂದು ಸಿಗರೇಟು ಸೇದಿದೆವು. ಸಂತೋಷವಾದಾಗ ಸಿಗರೇಟಿನ ರುಚಿಯೇ ಬೇರೆ.

ಮಾರ್ಚ್ 12, ಬುಧವಾರ

ಊರಿನ ಕ್ಲಿನಿಕ್ಕಿಗೆ ಹೋಗಿ ಬಂದೆ. ಮಗು ಬೇಕೆನ್ನುವವರು ಮೊದಲು ಅಲ್ಲಿ ಹೋಗಿ ಮಾತಾಡಬೇಕೆಂದು ಶೆಡ್ಡಿನ ಹುಡುಗಿಯರು ಹೇಳಿದ್ದರು. ನರ್ಸ್ ಲೊರೆಟ್ಟಾ ತುಂಬ ಒಳ್ಳೆಯವರು, ಅವರ ಅಜ್ಜ ಇಟಲಿಯಿಂದ ಬಂದು ಇಲ್ಲಿ ತೋಟ ಮಾಡಿದವರಂತೆ. ಅವರು ಕೇಳಿದ್ದಕ್ಕೂ ಉತ್ತರಿಸಿದೆ, ಕೇಳದ್ದಕ್ಕೂ ಉತ್ತರಿಸಿದೆ. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಹೂವು, ಪರಾಗದವರೆಗೆ ಕಲಿಸಿ ಪುಸ್ತಕ ಮುಚ್ಚಿದ್ದರು. ಉಳಿದದ್ದನ್ನು ಈವತ್ತು ಕಲಿತೆ.

ಹೆಣ್ಣು ಹುಟ್ಟುವಾಗಲೇ ಆಯುಷ್ಯಕ್ಕೆ ಬೇಕಾದ ಮೊಟ್ಟೆಗಳನ್ನೆಲ್ಲ ಒಳಗೆ ಇಟ್ಟುಕೊಂಡೇ ಹುಟ್ಟುತ್ತಾಳಂತೆ. ಆಮೇಲೆ ಹೊಸದು ಒಂದೂ ಸೇರುವುದಿಲ್ಲ, ಕಡಿಮೆಯಾಗುವುದೊಂದೇ. ಮೂವತ್ತೈದರ ನಂತರ ಬೇಗ ಬೇಗ ಕಡಿಮೆ. ಸಿಗರೇಟು ಆ ವೇಗಕ್ಕೆ ಇನ್ನಷ್ಟು ತುಪ್ಪ ಸುರಿಯುತ್ತದಂತೆ. ತೀರಾ ದಪ್ಪಗಿದ್ದರೂ ಕಷ್ಟ, ತೀರಾ ಸಣಕಲಾದರೂ ಕಷ್ಟ. ಥೈರಾಯ್ಡು, ಔಷಧವಿಲ್ಲದೆ ಬಿಟ್ಟ ಸೋಂಕು, ಒಳಗೇ ಒಡೆದ ಅಪೆಂಡಿಕ್ಸು, ಎದ್ದು ನಿಲ್ಲಲಾಗದಂಥ ಮುಟ್ಟಿನ ನೋವು, ಒಂದೊಂದನ್ನೂ ಕೇಳಿದರು. ಸಿಗರೇಟೊಂದನ್ನು ಬಿಟ್ಟು ಎಲ್ಲದಕ್ಕೂ ಇಲ್ಲ, ಇಲ್ಲ ಎನ್ನುತ್ತಾ ಹೋದೆ. ಪರೀಕ್ಷೆಯಲ್ಲಿ ಪ್ರತಿ ಪ್ರಶ್ನೆಗೂ ಉತ್ತರ ಗೊತ್ತಿದ್ದಾಗ ಬರುವ ಹೆಮ್ಮೆ ಬಂತು.

ಕೊನೆಗೆ ನಿಮ್ಮ ತಾಯಿಯ ಮುಟ್ಟು ಯಾವ ವಯಸ್ಸಿಗೆ ನಿಂತಿತು, ಗೊತ್ತಿದೆಯೇ ಎಂದರು. ನನಗೆ ನಗು ಬಂತು. ಸುವಾದ ನಮ್ಮ ಬೀದಿಗೆಲ್ಲ ಗೊತ್ತು. ದೊಡ್ಡಣ್ಣನ ಮದುವೆಯಲ್ಲಿ ಅಮ್ಮನಿಗೆ ಐವತ್ತನಾಲ್ಕು, ಪಾದ್ರಿ ಪ್ರಾರ್ಥನೆ ಹೇಳುವಾಗ ಮುಂದಿನ ಸಾಲಿನಲ್ಲಿ ಕೂತು ಮುಟ್ಟು ನಿಲ್ಲುವ ಹೊತ್ತಿನ ಸೆಕೆಗೆ ಬೆವರುತ್ತಾ ಹಾಡಿನ ಪುಸ್ತಕದಿಂದ ಪಟಪಟ ಗಾಳಿ ಹಾಕಿಕೊಂಡಿದ್ದಳು. ಲೊರೆಟ್ಟಾಗೆ ಅದನ್ನು ಅಭಿನಯಿಸಿ ತೋರಿಸಿದೆ. ಅವರೂ ನಕ್ಕರು.

"ಹಾಗಾದ್ರೆ ಒಳ್ಳೇದಾಯ್ತು. ತಾಯಿಗೆ ಬೇಗ ನಿಂತಿದ್ರೆ ಮಗಳಿಗೂ ಹಾಗಾಗೋ ಸಂಭವ ಜಾಸ್ತಿ. ನಿಮಗೆ ಆ ಚಿಂತೆ ಇಲ್ಲ. ಸಿಗರೇಟು ಬಿಡಿ, ಒಂದು ವರ್ಷ ಆರಾಮಾಗಿ ಪ್ರಯತ್ನ ಮಾಡಿ, ಆಮೇಲೆ ಬೇಕಾದ್ರೆ ನೋಡೋಣ."

ಒಂದು ವರ್ಷ ಆರಾಮಾಗಿ. ಮನೆಗೆ ಬಂದು ಇನೋಕೆಗೆ ಅದನ್ನೇ ಹಾಡಿನ ಹಾಗೆ ಹೇಳಿದೆ.

ಮಾರ್ಚ್ 13, ಗುರುವಾರ

ಸಿಗರೇಟು ಬಿಟ್ಟೆ. ಸುಲಭ.

ಮಾರ್ಚ್ 15, ಶನಿವಾರ

ಸುಲಭವಲ್ಲ. ಲೈಸಾನಿಯೂ ನನ್ನ ಜೊತೆ ಬಿಟ್ಟಿದ್ದಾಳೆ, ಟ್ಯಾಂಕಿನ ಹಿಂದೆ ಒಬ್ಬಳೇ ನಿಂತರೆ ಬೇಜಾರಂತೆ. ಇಬ್ಬರೂ ಅಲ್ಲೇ ನಿಂತು ಕ್ಯಾರೆಟ್ ಕಡಿದೆವು. "ನಿನ್ನ ಮಗು ಹುಟ್ಟಿದ ಮೇಲೆ ನಂಗೊಂದು ನಮಸ್ಕಾರ ಹಾಕ್ಬೇಕು ಅದು," ಅಂದಳು. ಪಾದ್ರಿಯ ಹೆಂಡತಿ ಬಂದು ಕ್ಯಾರೆಟ್ ಕದ್ದು ತಿನ್ನುವುದೇಕೆ ಎಂದು ಕೇಳಿದರು.

ಮಾರ್ಚ್ 28, ಶುಕ್ರವಾರ

ಈ ತಿಂಗಳು ಇಲ್ಲ. ಈಗೀಗ ಮೊದಲಿಗಿಂತ ಬೇಗನೇ ಬಂದುಬಿಡುತ್ತದೆ, ಕರೆಯದೆ ಬರುವ ನೆಂಟರ ಹಾಗೆ. ಇನೋಕೆ ಎಣ್ಣೆಯಲ್ಲಿ ರೊಟ್ಟಿ ಕರಿದುಕೊಟ್ಟ. ಮೂರು ಸುಟ್ಟಿದ್ದ, ಸುಟ್ಟಿದ್ದನ್ನು ತಾನು ತಿಂದ. ನನಗೆ ಸ್ವಲ್ಪವೂ ಬೇಸರವಿಲ್ಲ. ವರ್ಷವಿಡೀ ಇದೆ.

ಏಪ್ರಿಲ್ 16, ಬುಧವಾರ

ಇನೋಕೆಯ ಪರೀಕ್ಷೆಯ ಫಲಿತಾಂಶ ಬಂತು. ಗಂಡಸರನ್ನೂ ನೋಡಬೇಕು, ಎಲ್ಲವನ್ನೂ ಹೆಂಡತಿಯ ತಲೆಗೆ ಕಟ್ಟಬಾರದು ಎಂದು ಲೊರೆಟ್ಟಾ ಮೊದಲೇ ಹೇಳಿದ್ದರು. ಡಬ್ಬಿ ಹಿಡಿದುಕೊಂಡು ಹೋದ ದಿನ ಮನೆಯಿಂದ ಕಾರಿನವರೆಗೆ ಕಳ್ಳನ ಹಾಗೆ ನಡೆದಿದ್ದ. ಈವತ್ತು ಎಲ್ಲ ಚೆನ್ನಾಗಿದೆ ಎಂದು ಫೋನ್ ಬಂದದ್ದೇ ತಡ, ರಗ್ಬಿಯಲ್ಲಿ ಗೆದ್ದು ಬಂದವನ ಹಾಗೆ ಎದೆ ಉಬ್ಬಿಸಿಕೊಂಡು ಅಂಗಳ ಸುತ್ತಿದ. ಪಕ್ಕದ ಮನೆಯ ನಾಯಿಗೂ ಹೇಳಿದನೆಂದು ನನ್ನ ಅನುಮಾನ.

ಏಪ್ರಿಲ್ 20, ಭಾನುವಾರ, ಈಸ್ಟರ್

ಎಷ್ಟು ಒಳ್ಳೆಯ ದಿನವಾಗಬೇಕಿತ್ತು. ಅತ್ತಿಗೆಯ ಹಿತ್ತಲಿನಲ್ಲಿ ನೆಲದೊಳಗಿನ ಒಲೆ ತೆಗೆದಿದ್ದರು. ಕೋಳಿ, ಗೆಣಸು, ತೆಂಗಿನ ಹಾಲಿನಲ್ಲಿ ಬೆಂದ ಸೊಪ್ಪು. ಗಂಡಸರು ಕಾವಾ ಎಂಬ ಬೇರಿನ ಪಾನೀಯದ ಬೋಗುಣಿಯ ಸುತ್ತ ಕೂತಿದ್ದರು, ನಾವು ಹೆಂಗಸರು ಚಾಪೆಯ ಮೇಲೆ. ನಾನು ಲೊರೆಟ್ಟಾ ಆಗಿ, ಕನ್ನಡಕ ಮೂಗಿನ ತುದಿಗೆ ಇಳಿಸಿ, ಪ್ರಶ್ನೆಗಳನ್ನೆಲ್ಲ ಕೇಳಿ ತೋರಿಸಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಮ್ಮ ಹಾಡಿನ ಪುಸ್ತಕದಿಂದ ಗಾಳಿ ಹಾಕಿಕೊಳ್ಳುವುದನ್ನೂ ಮಾಡಿದೆ. ಲೈಸಾನಿ ಮಾತ್ರ ನಗು ನಿಲ್ಲಿಸಿದಳು. ಪಾತ್ರೆ ತೊಳೆಯುವಾಗ ಪಕ್ಕಕ್ಕೆ ಬಂದು ನಿಂತಳು.

"ನರ್ಸಿಗೆ ನೀನು ಯಾರ ವಯಸ್ಸು ಹೇಳಿದ್ದು?"

"ಅಮ್ಮಂದು."

"ಸುವಾದವರದ್ದಾ?"

"ಮತ್ಯಾರದ್ದು ಹೇಳ್ಬೇಕಿತ್ತು?"

"ಕೆಲೇರಾ, ನಿನ್ನನ್ನ ಹೆತ್ತೋರು ಲೆವುಕಾದವರಲ್ವೇನೇ. ಆ ನರ್ಸಿಗೆ ಬೇಕಾಗಿರೋದು ರಕ್ತ. ಯಾರು ಜಡೆ ಹೆಣೆದ್ರು ಅನ್ನೋದಲ್ಲ."

ನನ್ನ ಕೈಯಲ್ಲಿದ್ದ ತಟ್ಟೆಯನ್ನು ಕುಕ್ಕಿದೆ. ಇಂಥ ಮಾತು ನಮ್ಮಲ್ಲಿ ಯಾರೂ ಆಡುವುದಿಲ್ಲ, ಅವಳಿಗೆ ಗೊತ್ತು. ಅಮ್ಮನಿಗೆ ಮೂರು ಗಂಡುಮಕ್ಕಳು, ಹೆಣ್ಣಿಲ್ಲ. ಲೆವುಕಾ ದ್ವೀಪಪಟ್ಟಣದಲ್ಲಿದ್ದ ತಂಗಿಗೆ ಎರಡು ಹೆಣ್ಣಿದ್ದವು, ಮೂರನೆಯವಳು ನಾನು. ಅಮ್ಮ ತಿಮಿಂಗಿಲದ ಹಲ್ಲು ಹಿಡಿದುಕೊಂಡು ದೋಣಿ ಹತ್ತಿ ಹೋಗಿ ತಂಗಿಯ ಮುಂದೆ ಇಟ್ಟು ನನ್ನನ್ನು ಕೇಳಿದಳು. ಆ ಹಲ್ಲನ್ನು ಮುಂದಿಟ್ಟು ಕೇಳಿದ್ದಕ್ಕೆ ಇಲ್ಲವೆನ್ನುವಂತಿಲ್ಲ, ತೆಗೆದುಕೊಂಡ ಮೇಲೆ ಕೊಟ್ಟದ್ದನ್ನು ವಾಪಸ್ ಕೇಳುವಂತಿಲ್ಲ. ನಾನು ಆಗ ಹಾಲು ಬಿಟ್ಟಿದ್ದೆನಷ್ಟೆ. ಇದರಲ್ಲಿ ಗುಟ್ಟೇನೂ ಇಲ್ಲ, ಪ್ರತಿ ಕ್ರಿಸ್‌ಮಸ್ಸಿಗೆ ಲೆವುಕಾ ಚಿಕ್ಕಮ್ಮ ಬರುತ್ತಾಳೆ, ಒಣಗಿಸಿದ ಮೀನು ತರುತ್ತಾಳೆ, ನನ್ನ ತಲೆ ಸವರಿ ಅಡುಗೆಮನೆಗೆ ಹೋಗುತ್ತಾಳೆ. ನನಗೆ ಅಮ್ಮನೆಂದರೆ ಅಮ್ಮ.

ಅತ್ತಿಗೆ ತಪ್ಪಾಯ್ತು ಅಂದಳು. ಆಮೇಲೆ, ಆದರೂ ಚಿಕ್ಕಮ್ಮನನ್ನು ಕೇಳು ಅಂದಳು.

ಏಪ್ರಿಲ್ 22, ಮಂಗಳವಾರ

ಶೆಡ್ಡಿನಲ್ಲಿ ಅತ್ತಿಗೆಯ ಜೊತೆ ಮಾತಾಡಲಿಲ್ಲ. ಅವಳು ಕ್ಯಾರೆಟ್ ಕೊಟ್ಟಳು, ತೆಗೆದುಕೊಳ್ಳಲಿಲ್ಲ. ಆಮೇಲೆ ತೆಗೆದುಕೊಂಡೆ.

ಏಪ್ರಿಲ್ 23, ಬುಧವಾರ

ಬಂತು. ಮತ್ತೆ ಬೇಗ.

ಮೇ 4, ಭಾನುವಾರ

ಇನೋಕೆಯೂ ಕೇಳು ಅನ್ನುತ್ತಾನೆ. ಕಾರಣ ಹೇಳುವುದಿಲ್ಲ, ಅವನ ವಾದವೆಲ್ಲ ಅಷ್ಟೇ, ಒಂದು ಪದ ಹೇಳಿ ಚಹಾ ಮಾಡಲು ಹೋಗುತ್ತಾನೆ. ಕೇಳುವುದು ಅಷ್ಟು ಸುಲಭವೇ? ಚಿಕ್ಕಮ್ಮನ ಜೊತೆ ನಾನು ಯಾವತ್ತೂ ಏನನ್ನೂ ಕೇಳಿ ಮಾತಾಡಿದವಳಲ್ಲ. ಕೊಟ್ಟ ಮಗು ಕೊಟ್ಟ ಮನೆಯಲ್ಲಿ ಸುಖವಾಗಿದ್ದು ತೋರಿಸಬೇಕು, ಅದೇ ಅದರ ಕೆಲಸ. ನಾನು ಅದನ್ನು ತುಂಬ ಚೆನ್ನಾಗಿ ಮಾಡಿದ್ದೇನೆ. ಈಗ ಫೋನ್ ಮಾಡಿ, ಚಿಕ್ಕಮ್ಮ, ನಿನ್ನ ಮುಟ್ಟು ಯಾವಾಗ ನಿಂತಿತು ಅಂದರೆ, ಅಮ್ಮನ ಕಿವಿಗೆ ಬಿದ್ದರೆ, ಇವಳು ಬೇರು ಹುಡುಕಿಕೊಂಡು ಹೊರಟಳೇ ಎಂದು ಅಂದುಕೊಳ್ಳುವುದಿಲ್ಲವೇ?

ಬಹುಶಃ ಚಿಕ್ಕಮ್ಮನದೂ ಐವತ್ತರಲ್ಲೇ ನಿಂತಿರುತ್ತದೆ. ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ಅಕ್ಕತಂಗಿಯರು.

ಕಿತ್ತಳೆ ಬಣ್ಣ ತಿರುಗುತ್ತಿದೆ. ಬೆಳಿಗ್ಗೆ ಹೊತ್ತು ಎಷ್ಟು ಚಳಿ, ಎಷ್ಟು ಚೆಂದ.

ಮೇ 11, ಭಾನುವಾರ, ತಾಯಂದಿರ ದಿನ

ಚರ್ಚಿನಲ್ಲಿ ಮಕ್ಕಳು ತಾಯಂದಿರಿಗೆ ಹೂಮಾಲೆ ಹಾಕಿದರು. ಲೈಸಾನಿಯ ಕೊರಳಲ್ಲಿ ನಾಲ್ಕು, ಉಸಿರು ಕಟ್ಟುತ್ತೆ ಎಂದು ಗೊಣಗುತ್ತಾ ಒಂದನ್ನು ತೆಗೆದು ನನ್ನ ಕೊರಳಿಗೆ ಹಾಕಿದಳು. ಮನೆಗೆ ಬಂದು ಅಮ್ಮನಿಗೆ ಫೋನ್ ಮಾಡಿದೆ. ಅಮ್ಮ ಅಣ್ಣಂದಿರ ಹೆಂಡತಿಯರ ಬಗ್ಗೆ, ಮಳೆಯ ಬಗ್ಗೆ, ಚರ್ಚಿನಲ್ಲಿ ತಾನು ಹಾಡಿದ್ದರ ಬಗ್ಗೆ ಹೇಳುತ್ತಲೇ ಹೋದಳು. ಅವಳು ಉಸಿರು ತೆಗೆದುಕೊಂಡ ಕಡೆ ನಾನು ನುಗ್ಗಿದೆ. ನರ್ಸು ಕೇಳಿದ್ದನ್ನೂ ನಾನು ಹೇಳಿದ್ದನ್ನೂ ಹೇಳಿದೆ. ನಗುತ್ತಾಳೆ ಅಂದುಕೊಂಡಿದ್ದೆ.

"ನಂದನ್ನ ಹೇಳಿದ್ಯಾ," ಅಂದಳು. ನಗಲಿಲ್ಲ.

"ಅಮ್ಮ, ಚಿಕ್ಕಮ್ಮಂದು ನಿಂಗೆ ಗೊತ್ತಾ?"

"ನಿನ್ನನ್ನ ಕೊಟ್ಟ ಮೇಲೆ ಅವಳಿಗೆ ಮಕ್ಕಳಾಗಲಿಲ್ಲ. ಯಾಕೆ ಅಂತ ನಾನು ಕೇಳಲಿಲ್ಲ. ಪ್ರತಿ ವರ್ಷ ಕ್ರಿಸ್‌ಮಸ್ಸಿಗೆ ಬರ್ತಾಳೆ, ನನ್ನ ಪಕ್ಕದಲ್ಲಿ ಕೂತು ಮೀನು ಹೆಚ್ತಾಳೆ, ಕೇಳಲಿಲ್ಲ. ನಂಗೆ ಉತ್ತರ ಬೇಡವಾಗಿತ್ತು ಕಣೇ. ನೀನು ಕೇಳು. ನಿಂಗೆ ಬೇಕಾಗಿದೆ."

ಅಮ್ಮನಿಗೆ ಕೋಪ ಬಂತೇ ಎಂದು ಕೇಳಿದೆ. ಇಲ್ಲ ಅಂದಳು. ಆಮೇಲೆ ಊಟ ಏನು ಮಾಡಿದ್ದೆ ಎಂದು ಕೇಳಿದಳು.

ಮೇ 17, ಶನಿವಾರ

ಒಂದು ವಾರ ಫೋನ್ ಕೈಗೆತ್ತಿಕೊಂಡು ಇಟ್ಟೆ. ಈವತ್ತು ಇನೋಕೆಯನ್ನು ಹೊರಗೆ ಕಳಿಸಿ ಮಾಡಿದೆ. ಚಿಕ್ಕಮ್ಮ ಮೀನಿನ ಕಾರ್ಖಾನೆಯ ಬೆಳಗಿನ ಪಾಳಿ ಮುಗಿಸಿ ಬಂದಿದ್ದಳು. ಮೊದಲು ಹವಾಮಾನ ಮಾತಾಡಿದೆವು. ಅವಳು ಎಂದಿನ ಹಾಗೆ ಒಂದೊಂದೇ ಮಾತು. ನಾನು ಎಂದಿನ ಹಾಗೆ ನೂರು. ನೂರರ ಮಧ್ಯದಲ್ಲಿ ಎಲ್ಲೋ ಕೇಳಿಬಿಟ್ಟೆ.

ಅವಳು ಗಾಬರಿಯಾಗಲಿಲ್ಲ, ನಾಚಲೂ ಇಲ್ಲ. ಯಾರಾದರೂ ಕೇಳಲಿ ಎಂದು ಉತ್ತರವನ್ನು ಮಡಿಚಿ ಇಟ್ಟುಕೊಂಡಿದ್ದವಳ ಹಾಗೆ ಹೇಳಿದಳು.

"ನೀನು ಹುಟ್ಟಿದಾಗ ನಂಗೆ ಮೂವತ್ಮೂರು. ನೀನು ಸುವಾಗೆ ಹೋದ ಮೇಲೆ ನಾಲ್ಕೈದು ಸಲ ಬಂತು. ಆಮೇಲೆ ನಿಂತೋಯ್ತು. ನಾನು ಬಸಿರು ಅಂದ್ಕೊಂಡೆ. ನಿನ್ನ ಹಳೇ ಬಟ್ಟೆ ತೊಳೆದು ಒಣಗಿಸಿ ಇಟ್ಟೆ. ನಿಮ್ಮ ಚಿಕ್ಕಪ್ಪನಿಗೂ ಹೇಳಿದ್ದೆ."

"ಆಮೇಲೆ?"

"ಆಮೇಲೆ ಏನಿಲ್ಲ. ಆಸ್ಪತ್ರೇಲಿ, ಬಸಿರಲ್ಲ, ನಿಂದು ಮುಗೀತು ಅಂದ್ರು. ಮೂವತ್ತೈದು ತುಂಬಿರಲಿಲ್ಲ. ನಮ್ಮಮ್ಮಂಗೂ ಹಾಗೇ ಆಗಿತ್ತಂತೆ, ನಿಮ್ಮಮ್ಮ ಒಬ್ಬಳು ಅದೃಷ್ಟವಂತೆ."

ಯಾರಿಗೂ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ನನ್ನ ಧ್ವನಿ ನನಗೇ ಸಣ್ಣ ಹುಡುಗಿಯದರ ಹಾಗೆ ಕೇಳಿಸಿತು.

"ಹೇಳಿದ್ರೆ ಅಕ್ಕ ಮಾರನೇ ದಿನವೇ ದೋಣಿ ಹತ್ತಿ ನಿನ್ನನ್ನ ತಂದು ಬಿಡ್ತಿದ್ಲು. ಅವಳನ್ನ ನಂಗೊತ್ತಿಲ್ವಾ? ಅಷ್ಟೊತ್ತಿಗೆ ನೀನು ಅವಳನ್ನ ಅಮ್ಮ ಅಂತಿದ್ದೆ. ಆ ಕ್ರಿಸ್‌ಮಸ್ಸಿಗೆ ಬಂದಾಗ ಕೇಳಿಸ್ಕೊಂಡೆ. ಚೆನ್ನಾಗಿ ಅಂತಿದ್ದೆ, ಗಟ್ಟಿಯಾಗಿ."

ಅವಳೇ ಮುಂದುವರಿಸಿದಳು, ಇಷ್ಟು ಮಾತು ಅವಳ ಬಾಯಲ್ಲಿ ನಾನು ಕೇಳಿದ್ದೇ ಇಲ್ಲ. ಬೇರೆಯವರಿಗೆ ಹೇಳಬೇಕಾಗಿರಲಿಲ್ಲ, ಆದರೆ ನಿನಗೆ ಮದುವೆ ಗೊತ್ತಾದಾಗಲೇ ಹೇಳಬೇಕಿತ್ತು, ಬಾಯಿ ಬರಲಿಲ್ಲ ಅಂದಳು. ಸೋಮವಾರ ಬಾಗಿಲು ತೆಗೆಯುವ ಹೊತ್ತಿಗೇ ಆ ನರ್ಸಿನ ಮುಂದೆ ಕೂತಿರು ಅಂದಳು. ಒಂದು ವರ್ಷ ಕಾಯಬೇಡ ಅಂದಳು.

ಫೋನ್ ಇಟ್ಟ ಮೇಲೆ ಹಿತ್ತಲಿಗೆ ಹೋದೆ. ಇನೋಕೆ ತರಕಾರಿ ಪಾತಿ ಅಗೆಯುತ್ತಿದ್ದ. ಎಲ್ಲವನ್ನೂ ಹೇಳಿದೆ. ಅವನು ಕೇಳುತ್ತಾ ನನ್ನ ಪಾದದ ಮೇಲಿನ ಮಣ್ಣು ಒರೆಸುತ್ತಿದ್ದ. ಅವಳಿಗೆ ನಾನು ಕೊನೆಯವಳೆಂದು ಕೊಡುವಾಗ ಗೊತ್ತಿರಲಿಲ್ಲ ಇನೋಕೆ, ಅಂದೆ. ಹೂಂ ಅಂದ. ಗೊತ್ತಾದ ಮೇಲೂ ವಾಪಸ್ ಕೇಳಲಿಲ್ಲ, ಅಂದೆ. ಹೂಂ ಅಂದ.

ಮೇ 19, ಸೋಮವಾರ

ಕ್ಲಿನಿಕ್ಕಿಗೆ ಅತ್ತಿಗೆಯೇ ಕಾರು ಓಡಿಸಿದಳು. ದಾರಿಯಲ್ಲಿ ಅವಳಿಗೆ ಕ್ಷಮಿಸು ಅಂದೆ. ಕ್ಷಮೆ ಇಟ್ಕೋ, ನನ್ನ ಪಾತ್ರೆಗೊಂದು ಮುಚ್ಚಳ ಕೊಡಿಸು ಅಂದಳು.

ಲೊರೆಟ್ಟಾಗೆ ನಾನು ತಪ್ಪು ತಾಯಿಯ ವಯಸ್ಸು ಹೇಳಿದೆ ಅಂದಾಗ ಅವರಿಗೆ ಅರ್ಥವೇ ಆಗಲಿಲ್ಲ. ತಪ್ಪು ತಾಯಿ ಅಂದರೇನು ಎಂದು ಕೇಳಿದರು. ಇಬ್ಬರೂ ಸರಿಯಾದ ತಾಯಂದಿರೇ, ನಿಮ್ಮ ಪ್ರಶ್ನೆಗೆ ಮಾತ್ರ ಇನ್ನೊಬ್ಬರು ಬೇಕಿತ್ತು ಅಂದೆ. ಹೆತ್ತವಳದು ಮೂವತ್ತೈದರೊಳಗೇ ನಿಂತಿತು, ಅಜ್ಜಿಯದೂ ಬೇಗ, ನನ್ನ ತಿಂಗಳು ಈಗೀಗ ಬೇಗ ಬೇಗ ಬರುತ್ತಿದೆ, ಎಲ್ಲ ಹೇಳಿದೆ. ಅವರು ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. ಇದನ್ನು ಮೊದಲು ಹೇಳಬೇಕಿತ್ತು ಅನ್ನಲಿಲ್ಲ. ಇನ್ನು ಮುಂದೆ ಎಲ್ಲರನ್ನೂ ಹೆತ್ತ ತಾಯಿ ಎಂದೇ ಕೇಳುತ್ತೇನೆ ಅಂದರು. ರಕ್ತ ತೆಗೆದುಕೊಂಡರು.

ಜೂನ್ 3, ಮಂಗಳವಾರ

ಫಲಿತಾಂಶ ಬಂತು. ನನ್ನ ವಯಸ್ಸಿಗೆ ಇರಬೇಕಾದಷ್ಟು ಮೊಟ್ಟೆ ಇಲ್ಲ, ತುಂಬ ಕಡಿಮೆ.

"ಕಡಿಮೆ ಅಂದ್ರೆ ಇಲ್ಲ ಅಂತಲ್ಲ," ಅಂದರು ಲೊರೆಟ್ಟಾ. "ಆದ್ರೆ ವರ್ಷ ಕಾದಿದ್ರೆ ನಾನು ನಿಮಗೆ ಈ ಮಾತು ಹೇಳೋಕೆ ಆಗ್ತಿತ್ತೋ ಇಲ್ವೋ."

ವ್ಯಾಗಾ ಪಟ್ಟಣದ ತಜ್ಞರಿಗೆ ಬರೆದಿದ್ದಾರೆ. ಜುಲೈ ಮಧ್ಯದಲ್ಲಿ ಮೊದಲ ಭೇಟಿ. ಆಮೇಲೆ ಕೆಲವು ದಿನ ಸೂಜಿ, ಇರುವಷ್ಟು ಮೊಟ್ಟೆಗಳನ್ನು ಹೊರಗೆ ತೆಗೆದು ನೋಡುತ್ತಾರೆ. ಆಗಬಹುದು, ಆಗದಿರಬಹುದು. ಭರವಸೆ ಯಾರೂ ಕೊಡಲಿಲ್ಲ, ನಾನೂ ಕೇಳಲಿಲ್ಲ. ಆಶ್ಚರ್ಯವೆಂದರೆ ನನಗೆ ಅಳು ಬರಲಿಲ್ಲ, ಸಿಗರೇಟೂ ಬೇಕೆನಿಸಲಿಲ್ಲ. ಗೊತ್ತಾಯಿತಲ್ಲ ಅನ್ನಿಸಿತು.

ಮನೆಯಲ್ಲಿ ಅತ್ತಿಗೆ ತನ್ನ ಚಿಕ್ಕ ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಾಯುತ್ತಿದ್ದಳು. ಕೇಳಿದ ಮೇಲೆ ಅವನ ತಲೆಯ ಮೇಲೆ ಕೈಯಿಟ್ಟಳು.

"ಅದೇನಾದ್ರೂ ಆಗ್ಲಿಲ್ಲ ಅಂದ್ರೆ ಇವನಿದಾನೆ. ಹಲ್ಲೂ ಬೇಡ, ಚಾಪೆನೂ ಬೇಡ. ಸುಮ್ನೆ ಕೇಳು, ಕೊಡ್ತೀನಿ."

ತಮಾಷೆಯ ಹಾಗೆ ಹೇಳಿದಳು, ತಮಾಷೆಯಲ್ಲ. ನಮ್ಮಲ್ಲಿ ಇಂಥ ಮಾತಿಗೆ ಕುಣಿದಾಡಿ ತಬ್ಬಿಕೊಳ್ಳಬೇಕು. ನಾನು ತಬ್ಬಿಕೊಂಡೆ. ಆದರೆ ಕೇಳೋದಿಲ್ಲ ಅತ್ತಿಗೆ, ಅಂದೆ. ನೀನು ಕೊಡ್ತೀಯ ಅಂತ ಗೊತ್ತು, ಅದಕ್ಕೇ ಕೇಳೋದಿಲ್ಲ. ಅವಳು ಹುಡುಗನ ಮೂಗು ಒರೆಸಿ, ಇವಳಿಗೂ ನೀನು ಬೇಡ್ವಂತೆ ಕಣೋ, ಬಾ, ಅಂದಳು.

ಜೂನ್ 8, ಭಾನುವಾರ

ಲೆವುಕಾಗೆ ಫೋನ್ ಮಾಡಿದೆ. ಈಗ ವಾರಕ್ಕೊಮ್ಮೆ ಮಾಡುತ್ತೇನೆ, ಯಾವಾಗ ಶುರುವಾಯಿತೋ. ಫಲಿತಾಂಶ ಹೇಳಿದೆ. ಸೂಜಿ ಚುಚ್ಚುವಾಗ ಜೊತೆಗೆ ಯಾರಿರುತ್ತಾರೆ ಎಂದು ಕೇಳಿದಳು. ಇನೋಕೆ ಅಂದೆ. ಆ ಹುಡುಗ ನಿನ್ನ ಮದುವೆಯಲ್ಲಿ ಹಂದಿ ಕಡಿಯುವಾಗಲೇ ಮುಖ ತಿರುಗಿಸಿಕೊಂಡಿದ್ದ ಅಂದಳು. ನಿಜ. ಅವಳು ನೋಡಿದ್ದಾಳೆಂದು ನನಗೆ ಗೊತ್ತಿರಲಿಲ್ಲ.

ಆಮೇಲೆ, "ನಾನು ಬರ್ಲಾ?" ಅಂದಳು.

ನನ್ನ ಹತ್ತಿರ ಅವಳು ತನಗಾಗಿ ಕೇಳಿದ ಮೊದಲನೆಯ ವಿಷಯ ಅದು. ಬಾ ಅಂದೆ. ಎಷ್ಟು ಸಲ ಅಂದೆನೋ. ಅವಳು ಅಕ್ಕನನ್ನು ಕೇಳಬೇಕು ಅಂದಳು, ಅಕ್ಕ ಒಪ್ಪಿದರೆ ಮಾತ್ರ. ಸಂಜೆಯೇ ಸುವಾದ ಅಮ್ಮನ ಫೋನ್ ಬಂತು. ಅವಳು ಅತ್ತಿದ್ದಳು, ಅತ್ತಿಲ್ಲ ಅನ್ನುತ್ತಿದ್ದಳು.

"ಅವಳೇ ಬರ್ಲಿ ಬಿಡು. ನಾನು ನಿಂಗೆ ಹಾಲುಹಲ್ಲು ಬಿದ್ದಾಗ, ಜ್ವರ ಬಂದಾಗ, ಶಾಲೆಗೆ ಸೇರಿಸ್ದಾಗ, ಎಲ್ಲದಕ್ಕೂ ಇದ್ದೆ. ಇದೊಂದಕ್ಕೆ ಅವಳು ಇರ್ಲಿ. ವೀಸಾ ಕಾಗದಕ್ಕೆಲ್ಲ ನಿನ್ನಣ್ಣನನ್ನ ಓಡಿಸ್ತೀನಿ."

ಜೂನ್ 19, ಗುರುವಾರ

ಈ ತಿಂಗಳೂ ಇಲ್ಲ. ಬರೆಯುವುದನ್ನೇ ಮರೆತಿದ್ದೆ, ಪಕ್ಕದ ಕೋಣೆ ಖಾಲಿ ಮಾಡುವ ಗಲಾಟೆಯಲ್ಲಿ.

ಜುಲೈ 6, ಭಾನುವಾರ

ವೀಸಾ ಬಂತು. ಇನೋಕೆ ಪಕ್ಕದ ಕೋಣೆಗೂ ಬಣ್ಣ ಹೊಡೆದ, ಉಳಿದಿದ್ದ ಅದೇ ಹಳದಿ. ಲೈಸಾನಿ ನೋಡಿ, ಪಾಪ, ಆಕೆ ಕಣ್ಣು ಬಿಟ್ಟ ತಕ್ಷಣ ಮೊಟ್ಟೆಯೊಳಗೆ ಇದ್ದೀನಿ ಅಂದ್ಕೋತಾರೆ ಅಂದಳು. ಸುವಾದ ಅಮ್ಮ ದಿನಕ್ಕೆರಡು ಸಲ ಫೋನ್ ಮಾಡಿ ತನ್ನ ತಂಗಿ ಏನು ತಿನ್ನುತ್ತಾಳೆ, ಏನು ತಿನ್ನುವುದಿಲ್ಲ, ಚಹಾಕ್ಕೆ ನಿಂಬೆ ಎಲೆ ಹಾಕದಿದ್ದರೆ ಕುಡಿದಂತೆ ಮಾಡಿ ಚೆಲ್ಲುತ್ತಾಳೆ ಎಂದೆಲ್ಲ ಕಲಿಸುತ್ತಿದ್ದಾಳೆ. ನಾನು ಬರೆದುಕೊಳ್ಳುತ್ತಿಲ್ಲ, ಎಲ್ಲ ನೆನಪಿರುತ್ತದೆ.

ಇಲ್ಲಿಯ ಚಳಿ ಲೆವುಕಾದಿಂದ ಬರುವವಳಿಗೆ ಗೊತ್ತಿಲ್ಲ. ಅತ್ತಿಗೆಯ ದಪ್ಪ ಕೋಟು ಈಸಿಕೊಂಡು ಬಂದು ಬಾಗಿಲ ಹಿಂದೆ ನೇತುಹಾಕಿದ್ದೇನೆ. ವ್ಯಾಗಾದ ಭೇಟಿ ಬುಧವಾರ, ಜುಲೈ ಹದಿನಾರು. ಏನಾಗುತ್ತದೋ ಆಗಲಿ, ಆ ದಿನ ಕಾರಿನ ಹಿಂದಿನ ಸೀಟಿನಲ್ಲಿ ನನ್ನ ಪಕ್ಕದಲ್ಲಿ ಯಾರು ಕೂರುತ್ತಾರೆಂದು ನನಗೆ ಗೊತ್ತಿದೆ. ಸಿಡ್ನಿಯಲ್ಲಿ ಇನೋಕೆಯ ದೊಡ್ಡಪ್ಪನ ಮಗ ವಿಮಾನ ನಿಲ್ದಾಣದಿಂದ ಅವಳನ್ನು ಕರೆದುಕೊಂಡು ಹೋಗಿ, ರಾತ್ರಿ ಉಳಿಸಿಕೊಂಡು, ಬೆಳಿಗ್ಗೆ ರೈಲು ಹತ್ತಿಸುತ್ತಾನೆ. ಲೀಟನ್‌ನಲ್ಲಿ ಇಳಿಯಬೇಕು, ನಿದ್ದೆ ಹೋಗಬಾರದು, ಎಡಗಡೆಯ ಕಿಟಕಿ ಹತ್ತಿರ ಕೂರಬೇಕು ಎಂದು ಮೂರು ಸಲ ಹೇಳಿದ್ದೇನೆ. ಹೂಂ, ಹೂಂ, ಹೂಂ ಅಂದಿದ್ದಾಳೆ.

ಅಮ್ಮ ಬರುವುದು ಶನಿವಾರ, ಜುಲೈ ಹನ್ನೆರಡು, ಸಿಡ್ನಿಯಿಂದ ಬೆಳಿಗ್ಗೆ ಹೊರಡುವ ಗ್ರಿಫಿತ್ ರೈಲಿನಲ್ಲಿ.